ನಾಯಿಗೆ ಹಸಿ ಮಾಂಸ: ದಿನಕ್ಕೆ ಎಷ್ಟು ಗ್ರಾಂ?

ಡ್ರೈ ಫುಡ್ ಚೀಲದ ಹಿಂಭಾಗದಲ್ಲಿ ಒಂದು ಪಟ್ಟಿ ಇರುತ್ತದೆ. ನಾಯಿಯ ತೂಕ ಇಷ್ಟಿದ್ದರೆ ದಿನಕ್ಕೆ ಇಷ್ಟು ಗ್ರಾಂ. ಅದನ್ನು ನೋಡಿ ಬಟ್ಟಲಿಗೆ ಸುರಿದರೆ ಆಯಿತು. ಹಸಿ ಮಾಂಸ ಶುರು ಮಾಡಿದ ದಿನ ಈ ಪಟ್ಟಿ ಕೈಕೊಡುತ್ತದೆ. ಮುಂದೆ ಒಂದು ತಟ್ಟೆ ಮಾಂಸ, ಪಕ್ಕದಲ್ಲಿ ಅಡುಗೆಮನೆಯ ತಕ್ಕಡಿ, ಕಾಲಬುಡದಲ್ಲಿ ಜೊಲ್ಲು ಸುರಿಸುತ್ತಾ ಕೂತ ನಾಯಿ. ಎಷ್ಟು ಹಾಕಬೇಕು?

ಹಸಿ ಊಟ ಹಾಕುವವರನ್ನು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ: ತೂಕದ ಶೇಕಡಾ ಎರಡರಿಂದ ಮೂರು. 20 ಕೆಜಿ ನಾಯಿಗೆ ಅದು 400 ಗ್ರಾಂನಿಂದ 600 ಗ್ರಾಂ ಆಗುತ್ತದೆ. ಕೇಳಲು ಚಿಕ್ಕ ಅಂತರ. ಆದರೆ 600 ಅಂದರೆ 400ರ ಒಂದೂವರೆ ಪಟ್ಟು. ‘ದಿನಕ್ಕೆ ಎರಡು ಊಟ ಮಾಡು, ಇಲ್ಲಾಂದ್ರೆ ಮೂರು ಮಾಡು, ಎರಡೂ ಒಂದೇ’ ಅಂತ ನಿಮಗೆ ಯಾರಾದರೂ ಹೇಳಿದರೆ ಒಪ್ಪುತ್ತೀರಾ? ಇಲ್ಲ ಅಲ್ವಾ?

ಲೆಕ್ಕಕ್ಕೆ ಒಂದು ನಾಯಿ ಬೇಕು. ಕರಿಯ ಅಂತ ಹೆಸರಿಟ್ಟುಕೊಳ್ಳೋಣ. ಐದು ವರ್ಷದ ಗಂಡು, ಸಂತಾನಹರಣ ಆಪರೇಷನ್ ಆಗಿದೆ, 20 ಕೆಜಿ ತೂಕ, ದಿನಕ್ಕೆ ಎರಡು ಸಲ ವಾಕಿಂಗ್. ದಪ್ಪ ಅಲ್ಲ, ಬಡಕಲೂ ಅಲ್ಲ.

ಮೊದಲು, ಬಟ್ಟಲಲ್ಲಿ ಏನಿದೆ?

ಹಸಿ ಊಟ ಅಂದರೆ ಬರೀ ಮಾಂಸದ ತುಂಡುಗಳಲ್ಲ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಹಸಿ ಮಾಂಸ ಮತ್ತು ಹಸಿ ಮೂಳೆಯ ಊಟವನ್ನು ಜನರಿಗೆ ಪರಿಚಯಿಸಿದರು. ಇಂಥ ಊಟ ಹಾಕುವವರ ಬಾಯಲ್ಲಿ ಈಗ ಹೆಚ್ಚು ಕೇಳಿಬರುವ ಅಳತೆ 80:10:10. ಅಂದರೆ 80 ಭಾಗ ಮಾಂಸಖಂಡ, 10 ಭಾಗ ಅಗಿದು ತಿನ್ನಬಹುದಾದ ಹಸಿ ಮೂಳೆ, 10 ಭಾಗ ಒಳ ಅಂಗಗಳು. ಈ ಕೊನೆಯ ಹತ್ತರಲ್ಲಿ ಅರ್ಧ ಲಿವರ್, ಉಳಿದರ್ಧ ಕಿಡ್ನಿ, ಗುಲ್ಮದಂಥವು. ಹೃದಯ ಒಳಗಿದ್ದರೂ ಲೆಕ್ಕಕ್ಕೆ ಮಾಂಸಖಂಡವೇ. ಹಗಲೂ ರಾತ್ರಿ ದುಡಿಯುವ ಸ್ನಾಯು ತಾನೇ ಅದು.

ಮೂಳೆ ಯಾಕೆ ಬೇಕು? ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಮಾಂಸ ತಿಂದ ನಾಯಿಯ ದೇಹ ಆ ಕೊರತೆಯನ್ನು ತನ್ನದೇ ಮೂಳೆಯಿಂದ ಕಿತ್ತು ತುಂಬಿಸಿಕೊಳ್ಳುತ್ತದೆ. ಲಿವರ್ ಮಾತ್ರ ಉಲ್ಟಾ. ಅದರಲ್ಲಿ ವಿಟಮಿನ್ ಎ ತುಂಬಾ ಇದೆ, ದೇಹ ಅದನ್ನು ಹೊರಗೆ ಹಾಕದೆ ಕೂಡಿಡುತ್ತದೆ. ಹಾಗಾಗಿ ‘ಅವನಿಗೆ ಇಷ್ಟ’ ಅಂತ ದಿನವೂ ಬಟ್ಟಲು ತುಂಬ ಲಿವರ್ ಹಾಕುವಂತಿಲ್ಲ.

80:10:10 ಹಾಕಿದ ಮಾತ್ರಕ್ಕೆ ಊಟ ಪೂರ್ತಿಯಾಯಿತು ಅಂತಲೂ ಅಲ್ಲ. ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಇ ಇದರಲ್ಲಿ ಸುಲಭವಾಗಿ ಕಡಿಮೆ ಬೀಳುತ್ತವೆ. ತಿಂಗಳುಗಟ್ಟಲೆ ಇದನ್ನೇ ಹಾಕುವವರು ಪ್ರಾಣಿಗಳ ಪೋಷಣೆ ಬಲ್ಲ ವೈದ್ಯರಿಗೆ ಒಮ್ಮೆ ಪಟ್ಟಿ ತೋರಿಸಬೇಕು. ಇಲ್ಲಿ ನಾವು ನೋಡುತ್ತಿರುವುದು ಎಷ್ಟು ಅನ್ನುವುದನ್ನು.

ಶೇಕಡಾ ಲೆಕ್ಕ, ಮತ್ತು ಯಾವ ತೂಕ ಅನ್ನುವ ಪ್ರಶ್ನೆ

ಲೆಕ್ಕ ಸುಲಭ. ತೂಕವನ್ನು ಗ್ರಾಂಗೆ ತಂದು 0.025ರಿಂದ ಗುಣಿಸಿ. ಕರಿಯನಿಗೆ 20,000 ಗುಣಿಸು 0.025, ಅಂದರೆ 500 ಗ್ರಾಂ. ಸೋಮಾರಿ ನಾಯಿಗೆ ಎರಡರ ಕಡೆಗೆ, ಓಡಾಡುವ ನಾಯಿಗೆ ಮೂರರ ಕಡೆಗೆ ಜಾರಿಸಬೇಕು.

ಇಲ್ಲಿ ಜನ ಎಡವುವುದು ಗುಣಾಕಾರದಲ್ಲಲ್ಲ, ತೂಕದಲ್ಲಿ. ನಾಯಿ ಈಗ ಎಷ್ಟು ತೂಗುತ್ತದೋ ಅದನ್ನು ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಅದು ಎಷ್ಟು ತೂಗಬೇಕೋ ಅದನ್ನು. ಕರಿಯ ಉಬ್ಬಿ 25 ಕೆಜಿ ಆಗಿದ್ದಾನೆ ಅಂದುಕೊಳ್ಳಿ. 25 ಕೆಜಿಯ ಲೆಕ್ಕದಲ್ಲಿ ಊಟ ಹಾಕಿದರೆ ಮೈಮೇಲಿನ 5 ಕೆಜಿ ಕೊಬ್ಬಿಗೂ ದಿನಾ ತಟ್ಟೆ ಹಾಕಿದ ಹಾಗೆ.

ದೊಡ್ಡ ನಾಯಿ ಅಂದರೆ ಚಿಕ್ಕ ನಾಯಿಯ ದೊಡ್ಡ ಪ್ರತಿ ಅಲ್ಲ

ಶೇಕಡಾ ಲೆಕ್ಕದ ಹಿಂದೆ ಒಂದು ನಂಬಿಕೆ ಅಡಗಿದೆ. ತೂಕ ಎರಡು ಪಟ್ಟಾದರೆ ಊಟವೂ ಎರಡು ಪಟ್ಟಾಗಬೇಕು ಅಂತ. ಅದು ನಿಜ ಅಲ್ಲ.

ಒಂದು ಲೋಟ ಬಿಸಿನೀರು, ಒಂದು ಹಂಡೆ ಬಿಸಿನೀರು ಪಕ್ಕಪಕ್ಕ ಇಡಿ. ಲೋಟದ ನೀರು ಬೇಗ ಆರುತ್ತದೆ. ಒಳಗಿರುವ ನೀರಿಗೆ ಹೋಲಿಸಿದರೆ ಅದರ ಮೈ ಜಾಸ್ತಿ ಗಾಳಿಗೆ ತೆರೆದಿದೆ. ಚಿಕ್ಕ ನಾಯಿಯೂ ಹಾಗೇ. ಪ್ರತಿ ಕೆಜಿಗೆ ಜಾಸ್ತಿ ಶಾಖ ಕಳೆದುಕೊಳ್ಳುತ್ತದೆ, ಜಾಸ್ತಿ ಉರುವಲು ಬೇಡುತ್ತದೆ. ಕಾರಣ ಇದೊಂದೇ ಅಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲಿ ಬೇರೆ ಬೇರೆ ಗಾತ್ರದ ಪ್ರಾಣಿಗಳ ಲೆಕ್ಕ ಹಾಕಿ ತೋರಿಸಿದರು: ಸುಮ್ಮನೆ ಮಲಗಿದ್ದಾಗ ಪ್ರಾಣಿ ಸುಡುವ ಶಕ್ತಿ ಅದರ ತೂಕದ ಜೊತೆ ನೇರವಾಗಿ ಏರುವುದಿಲ್ಲ, ತೂಕದ ಮುಕ್ಕಾಲು ಘಾತದ ಜೊತೆ ಏರುತ್ತದೆ.

ಪಶುವೈದ್ಯರು ಇಂದಿಗೂ ಇದರ ಮೇಲೇ ಲೆಕ್ಕ ಕಟ್ಟುತ್ತಾರೆ. ತೂಕದ ಮುಕ್ಕಾಲು ಘಾತವನ್ನು 70ರಿಂದ ಗುಣಿಸಿದರೆ ವಿಶ್ರಾಂತಿಯಲ್ಲಿ ಬೇಕಾದ ಕ್ಯಾಲೊರಿ ಸಿಗುತ್ತದೆ. ಉಸಿರಾಟ, ಎದೆಬಡಿತ, ಮೈ ಬಿಸಿಗೆ ಸಾಲುವಷ್ಟು ಮಾತ್ರ. ಓಡಾಟ, ವಯಸ್ಸು ನೋಡಿ ಅದನ್ನು ಮತ್ತೆ ಗುಣಿಸಬೇಕು. ಆಪರೇಷನ್ ಆದ, ಪೂರ್ತಿ ಬೆಳೆದ ನಾಯಿಗೆ 1.6, ಆಗಿರದಿದ್ದರೆ 1.8. ತೂಕ ಇಳಿಸಬೇಕಾದರೆ, ಇರಬೇಕಾದ ತೂಕಕ್ಕೆ 1.

‘ಮುಕ್ಕಾಲು ಘಾತ’ ಅಂದ ಕೂಡಲೇ ಓಡಿಹೋಗಬೇಡಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ಮೂರು ಸಲ ಬರೆದು ಗುಣಿಸಿ, ಆಮೇಲೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ. ಕರಿಯನದು ನೋಡಿ:

20 × 20 × 20 = 8000
ಒಂದು ಸಲ ವರ್ಗಮೂಲ: 89.4
ಇನ್ನೊಂದು ಸಲ: 9.46
9.46 × 70 = 662
662 × 1.6 = ಸುಮಾರು 1060 ಕ್ಯಾಲೊರಿ

(ಪ್ಯಾಕೆಟ್‌ಗಳ ಮೇಲೆ ಕಿಲೋಕ್ಯಾಲೊರಿ ಅಂತ ಬರೆದಿರುತ್ತಾರೆ. ನಾವು ಮಾತಿನಲ್ಲಿ ಕ್ಯಾಲೊರಿ ಅನ್ನುವುದು ಅದನ್ನೇ.)

ಇದೇ ಲೆಕ್ಕವನ್ನು 5 ಕೆಜಿ ನಾಯಿಗೆ ಹಾಕಿದರೆ ಸುಮಾರು 375 ಕ್ಯಾಲೊರಿ, 40 ಕೆಜಿ ನಾಯಿಗೆ 1780. ತೂಕ ಎಂಟು ಪಟ್ಟು ಏರಿದೆ, ಹಸಿವು ಐದು ಪಟ್ಟೂ ಏರಿಲ್ಲ. ನೂರು ಗ್ರಾಂಗೆ 170 ಕ್ಯಾಲೊರಿ ಇರುವ ಮಾಂಸ ಅಂತ ಇಟ್ಟುಕೊಂಡರೆ 5 ಕೆಜಿಯದಕ್ಕೆ 220 ಗ್ರಾಂ, ಅಂದರೆ ಮೈತೂಕದ ಶೇಕಡಾ 4.4. ಕರಿಯನಿಗೆ ಸುಮಾರು 620 ಗ್ರಾಂ, ಶೇಕಡಾ 3.1. 40 ಕೆಜಿಯದಕ್ಕೆ 1050 ಗ್ರಾಂ, ಶೇಕಡಾ 2.6. ಪುಟ್ಟ ನಾಯಿಯ ಮಾಲೀಕರು ‘ಶೇಕಡಾ ಎರಡೂವರೆ ಹಾಕಿದರೂ ಇದು ಬಡವಾಗ್ತಾ ಇದೆ’ ಅಂತ ತಲೆಕೆಡಿಸಿಕೊಳ್ಳುವುದು ಇದಕ್ಕೇ.

ತಕ್ಕಡಿಗೆ ಕಾಣದ ಕೊಬ್ಬು

170 ಕ್ಯಾಲೊರಿ ಅಂತ ನಾನು ಮೇಲೆ ಸುಮ್ನೆ ಒಂದು ಅಂಕಿ ಇಟ್ಟುಬಿಟ್ಟೆ. ನಿಜವಾದ ತೊಡಕು ಇರುವುದು ಅಲ್ಲೇ.

ತಕ್ಕಡಿ ಗ್ರಾಂ ತೂಗುತ್ತದೆ, ನಾಯಿ ಕ್ಯಾಲೊರಿ ತಿನ್ನುತ್ತದೆ. ಇವೆರಡರ ನಡುವೆ ಕೊಬ್ಬು ಕೂತಿದೆ. ಒಂದು ಗ್ರಾಂ ಪ್ರೋಟೀನಿನಲ್ಲಿ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ 9. ಶೇಕಡಾ 5 ಕೊಬ್ಬಿರುವ ಬೀಫ್ ಖೀಮಾ ನೂರು ಗ್ರಾಂಗೆ ಸುಮಾರು 135 ಕ್ಯಾಲೊರಿ ಕೊಟ್ಟರೆ, ಶೇಕಡಾ 20 ಕೊಬ್ಬಿನದು ಸುಮಾರು 250 ಕೊಡುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಒಂದು ಸ್ವಲ್ಪ ಬಿಳಿಚಿಕೊಂಡ ಹಾಗೆ ಕಾಣುತ್ತದೆ, ಅಷ್ಟೇ.

ಈಗ ಕರಿಯನಿಗೆ ‘ಶೇಕಡಾ ಮೂರು’ ಅಂತ ದಿನಕ್ಕೆ 600 ಗ್ರಾಂ ಹಾಕಿ. ಮೊದಲನೆಯದರಲ್ಲಿ 810 ಕ್ಯಾಲೊರಿ. ಅವನಿಗೆ ಬೇಕಾದ್ದು 1060, ಅಂದರೆ ಅರೆಹೊಟ್ಟೆ. ಎರಡನೆಯದರಲ್ಲಿ 1500, ಅಂದರೆ ದಿನಾ 440 ಕ್ಯಾಲೊರಿ ಹೆಚ್ಚುವರಿ. ಬಟ್ಟಲು ಒಂದೇ, ತೂಕ ಒಂದೇ, ಊಟ ಹೆಚ್ಚುಕಡಿಮೆ ಎರಡು ಪಟ್ಟು. ಜೊತೆಗೆ, ಅಭ್ಯಾಸ ಇಲ್ಲದ ನಾಯಿಗೆ ಒಮ್ಮೆಲೇ ಇಷ್ಟು ಕೊಬ್ಬು ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ.

ಪ್ಯಾಕೆಟ್ ಮೇಲೆ ಪ್ರೋಟೀನ್ ಮತ್ತು ಕೊಬ್ಬಿನ ಶೇಕಡಾ ಕೊಟ್ಟಿದ್ದರೆ ಅಂದಾಜು ಸುಲಭ. ಪ್ರೋಟೀನ್ 16, ಕೊಬ್ಬು 12 ಅಂತಿದೆ ಅಂದುಕೊಳ್ಳಿ. 16ಕ್ಕೆ 4, 12ಕ್ಕೆ 9. ಅಂದರೆ 64 ಮತ್ತು 108, ಒಟ್ಟು 172. ನನ್ನ 170 ಬಂದದ್ದು ಹೀಗೆ.

ನೀರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಸಿ ಮಾಂಸದಲ್ಲಿ ಸುಮಾರು ಶೇಕಡಾ 70 ನೀರು, ಡ್ರೈ ಫುಡ್‌ನಲ್ಲಿ ಸುಮಾರು 10. ಡ್ರೈ ಫುಡ್ ನೂರು ಗ್ರಾಂಗೆ 350ರಿಂದ 400 ಕ್ಯಾಲೊರಿ ಕೊಡುತ್ತದೆ. ಹಾಗಾಗಿ ನಿನ್ನೆಯವರೆಗೆ 300 ಗ್ರಾಂ ತಿನ್ನುತ್ತಿದ್ದ ನಾಯಿಗೆ ಇವತ್ತು 620 ಗ್ರಾಂ ಹಾಕುವಾಗ ಕೈ ನಡುಗಬಾರದು. ಬಟ್ಟಲಲ್ಲಿ ಜಾಸ್ತಿಯಾಗಿ ಕಾಣುವುದರಲ್ಲಿ ಹೆಚ್ಚಿನ ಪಾಲು ನೀರು. ಬದಲಾವಣೆಯನ್ನು ಮಾತ್ರ ಒಂದೇ ದಿನಕ್ಕೆ ಮಾಡದೆ ಒಂದು ವಾರ, ಹತ್ತು ದಿನ ಎಳೆಯುವುದು ಹೊಟ್ಟೆಗೆ ಹಿತ.

620 ಗ್ರಾಂ ತಟ್ಟೆಗೆ ಬರುವುದು ಹೇಗೆ?

ಕರಿಯನ 620 ಗ್ರಾಂಗೆ 62 ಗ್ರಾಂ ಮೂಳೆ, 31 ಗ್ರಾಂ ಲಿವರ್, 31 ಗ್ರಾಂ ಕಿಡ್ನಿಯಂಥ ಇನ್ನೊಂದು ಅಂಗ, ಉಳಿದ 496 ಗ್ರಾಂ ಮಾಂಸ. ಆದರೆ ಬರೀ ಮೂಳೆಯನ್ನು ಯಾರೂ ಹಾಕುವುದಿಲ್ಲ, ಅದು ಮಾಂಸಕ್ಕೆ ಅಂಟಿಕೊಂಡೇ ಬರುತ್ತದೆ. ಕೋಳಿ ಕುತ್ತಿಗೆಯಲ್ಲಿ ಸುಮಾರು ಶೇಕಡಾ 36 ಮೂಳೆ. ರೆಕ್ಕೆಯಲ್ಲಿ ಅರ್ಧಕ್ಕೆ ಹತ್ತಿರ. 62 ಗ್ರಾಂ ಮೂಳೆ ಬೇಕಾದರೆ ಸುಮಾರು 172 ಗ್ರಾಂ ಕುತ್ತಿಗೆ ಬೇಕು. ಅದರ ಜೊತೆ 110 ಗ್ರಾಂ ಮಾಂಸವೂ ಬಂತು. ಇನ್ನು 386 ಗ್ರಾಂ ಮೂಳೆಯಿಲ್ಲದ ಮಾಂಸ ಸೇರಿಸಿದರೆ ಲೆಕ್ಕ ಮುಗಿಯಿತು.

ದಿನದಿನವೂ ಹೀಗೆ ಗ್ರಾಂ ಹಿಡಿದು ಕೂರುವ ಅಗತ್ಯ ಇಲ್ಲ. ವಾರದ ಲೆಕ್ಕದಲ್ಲಿ ಸರಿಬಂದರೆ ಸಾಕು. ವಾರಕ್ಕೆ 217 ಗ್ರಾಂ ಲಿವರ್ ಅಂದರೆ ಅದನ್ನು ಮೂರು ನಾಲ್ಕು ದಿನಕ್ಕೆ ಹಂಚಬಹುದು. ಒಂದೇ ದಿನ ಹಾಕಿದರೆ ಮರುದಿನ ಬೆಳಗಿನ ಭೇದಿಗೆ ಕರಿಯನನ್ನು ಬೈಯಬೇಡಿ.

ಮೂಳೆ ಸರಿಯಾಗಿದೆಯಾ ಅನ್ನುವುದನ್ನು ಮಲ ನೋಡಿ ತಿಳಿಯಬಹುದು. ಬಿಳಿಚಿ, ಸೀಮೆಸುಣ್ಣದ ಹಾಗೆ ಪುಡಿಯಾದರೆ ಮೂಳೆ ಜಾಸ್ತಿ ಆಗಿದೆ. ಇನ್ನೊಂದು ಮಾತು: ಬೆಂದ ಮೂಳೆ ಯಾವತ್ತೂ ಬೇಡ. ಅದು ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ಹಸಿ ಮೂಳೆಯೂ ಹಲ್ಲು ಮುರಿಯಬಹುದು, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಆದ್ದರಿಂದ ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಇರಿ.

ಮರಿಗಳ ಲೆಕ್ಕವೇ ಬೇರೆ

ಮರಿ ಬದುಕುವುದರ ಜೊತೆಗೆ ಮೈಯನ್ನೂ ಕಟ್ಟುತ್ತಿರುತ್ತದೆ. ಆದ್ದರಿಂದ ನಾಲ್ಕು ತಿಂಗಳವರೆಗೆ ವಿಶ್ರಾಂತಿ ಕ್ಯಾಲೊರಿಯ 3 ಪಟ್ಟು, ಆಮೇಲೆ ಪೂರ್ತಿ ಬೆಳೆಯುವವರೆಗೆ ಸುಮಾರು 2 ಪಟ್ಟು. ಮೂರು ತಿಂಗಳ, 8 ಕೆಜಿ ಮರಿಗೆ ಇದು ಹತ್ತಿರ ಹತ್ತಿರ 1000 ಕ್ಯಾಲೊರಿ, ಅಂದರೆ ನಮ್ಮ ಮಾಂಸದಲ್ಲಿ 590 ಗ್ರಾಂ. ಹೌದು, 20 ಕೆಜಿಯ ಕರಿಯ ತಿನ್ನುವಷ್ಟೇ! ಅದನ್ನು ದಿನಕ್ಕೆ ಮೂರು ನಾಲ್ಕು ಸಲಕ್ಕೆ ಹಂಚಬೇಕು. ತೂಕ ವಾರವಾರ ಬದಲಾಗುವುದರಿಂದ ಲೆಕ್ಕವನ್ನೂ ವಾರವಾರ ಹೊಸದಾಗಿ ಹಾಕಬೇಕು.

ದೊಡ್ಡ ತಳಿಯ ಮರಿ ಗುಂಡುಗುಂಡಾಗಿ ಬೆಳೆದರೆ ನೋಡಲು ಚೆಂದ, ಕೀಲುಗಳಿಗೆ ಕೇಡು. ಬೇಗ ಬೆಳೆದಷ್ಟೂ ಸೊಂಟದ ಕೀಲಿನ ತೊಂದರೆ ಹೆಚ್ಚು. ಕ್ಯಾಲ್ಸಿಯಂ ವಿಷಯದಲ್ಲೂ ಎಳೆ ಮರಿಯ ದೇಹ ಬೆಳೆದ ನಾಯಿಯಷ್ಟು ಜಾಣ ಅಲ್ಲ, ಹೆಚ್ಚಾದದ್ದನ್ನು ಬೇಡ ಅಂತ ತಳ್ಳಲು ಅದಕ್ಕೆ ಬರುವುದಿಲ್ಲ. ನನ್ನನ್ನು ಕೇಳಿದರೆ, ಮರಿಗೆ ಮನೆಯ ಅಂದಾಜಿನ ಹಸಿ ಊಟ ಬೇಡ. ವೈದ್ಯರು ಕೂತು ಬರೆದುಕೊಟ್ಟ ಪಟ್ಟಿ ಇದ್ದರೆ ಮಾತ್ರ.

ಹಸಿಯಲ್ಲಿ ಬರುವ ಅತಿಥಿಗಳು

ಎಷ್ಟು ಹಾಕಬೇಕು ಅನ್ನುವುದರ ಜೊತೆಗೇ ಕೇಳಬೇಕಾದ್ದು, ಈ ಮನೆಯಲ್ಲಿ ಹಾಕಬಹುದಾ ಅಂತ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಿಂದ 2012ರವರೆಗೆ ಸಾಕುಪ್ರಾಣಿಗಳ 196 ಹಸಿ ಆಹಾರದ ಮಾದರಿಗಳನ್ನು ಪರೀಕ್ಷಿಸಿತು. 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತು. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಅನ್ನುವ ನಿಲುವು ತೆಗೆದುಕೊಂಡಿತು.

ನಾಯಿ ಆರಾಮಾಗಿಯೇ ಇರಬಹುದು. ಆದರೆ ಅದರ ಜೊಲ್ಲು, ಮಲದ ಮೂಲಕ ಈ ರೋಗಾಣುಗಳು ಮನೆಯವರಿಗೆ ಬರಬಹುದು. ಪುಟ್ಟ ಮಕ್ಕಳು, ಬಸುರಿ, ವಯಸ್ಸಾದವರು, ರೋಗ ತಡೆಯುವ ಶಕ್ತಿ ಕುಗ್ಗಿದವರು ಇರುವ ಮನೆಯಲ್ಲಿ ಇದು ದೊಡ್ಡ ವಿಷಯ. ಫ್ರೀಜರ್‌ನಲ್ಲಿಟ್ಟರೆ ಸತ್ತುಹೋಗುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಕೆಲವು ಹುಳುಗಳು ಸಾಯುತ್ತವೆ ನಿಜ, ಬ್ಯಾಕ್ಟೀರಿಯಾ ಬರೀ ನಿದ್ದೆ ಮಾಡುತ್ತವೆ. ಮಾಂಸ ಕರಗಿಸುವುದು ಫ್ರಿಜ್ ಒಳಗೇ ಆಗಲಿ. ನಾಯಿಯ ಮಾಂಸಕ್ಕೆ ಬೇರೆ ಚಾಕು, ಬೇರೆ ಹಲಗೆ ಇರಲಿ. ಬಟ್ಟಲನ್ನು ಪ್ರತಿ ಊಟಕ್ಕೂ ಸೋಪು ಹಾಕಿ ತೊಳೆಯಿರಿ.

ಕೊನೆಗೆ ಕೇಳಬೇಕಾದ್ದು ಪಕ್ಕೆಲುಬನ್ನು

ಇಷ್ಟೆಲ್ಲ ಲೆಕ್ಕ ಹಾಕಿದರೂ ಸಿಕ್ಕಿದ್ದು ಶುರು ಮಾಡಲು ಒಂದು ಅಂಕಿ ಮಾತ್ರ. ಒಂದೇ ತೂಕದ ಎರಡು ನಾಯಿಗಳ ಹಸಿವಿನಲ್ಲಿ ಕಾಲು ಭಾಗದಷ್ಟು ವ್ಯತ್ಯಾಸ ಇರುವುದು ಮಾಮೂಲಿ. ನಿಮ್ಮ ನಾಯಿಗೆ ಬೇಕಾದ್ದು ಜಾಸ್ತಿಯಾ, ಕಡಿಮೆಯಾ ಅನ್ನುವುದು ಅದರ ಮೈಯಲ್ಲೇ ಬರೆದಿರುತ್ತದೆ.

ನಿಮ್ಮ ಕೈಯನ್ನು ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ. ಬೆರಳುಗಳು ಶುರುವಾಗುವ ಗೆಣ್ಣಿನ ಸಾಲಿನ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ. ಉಬ್ಬುತಗ್ಗು ಸಿಗುತ್ತದೆ, ಎದ್ದು ಕಾಣುವುದಿಲ್ಲ. ನಾಯಿಯ ಪಕ್ಕೆಲುಬು ಹೀಗೆ ಸಿಗಬೇಕು. ಈಗ ಮುಷ್ಟಿ ಕಟ್ಟಿ ಅದೇ ಜಾಗ ಮುಟ್ಟಿ. ಪಕ್ಕೆಲುಬು ಹೀಗೆ ಚುಚ್ಚಿದರೆ ನಾಯಿ ಬಡಕಲು. ಕೈ ತಿರುಗಿಸಿ ಅಂಗೈ ಕಡೆಯಿಂದ, ಬೆರಳಿನ ಬುಡದ ಮೆತ್ತೆ ಒತ್ತಿ ನೋಡಿ. ಹೀಗೆ ಒತ್ತಿ ಹುಡುಕಬೇಕಾಗಿ ಬಂದರೆ ಕೊಬ್ಬು ಜಾಸ್ತಿ. ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ಸೊಂಟ ಒಳಗೆ ಸರಿದಿರಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂಗಾಲಿನ ಕಡೆ ಮೇಲೇರಿರಬೇಕು. ವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. 4 ಅಥವಾ 5 ಬಂದರೆ ಸರಿಯಾಗಿದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವವರಿಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಲೇ ಜೋಡಿ ಮಾಡಿ ಜೀವನಪೂರ್ತಿ ಗಮನಿಸಿದರು. ಪ್ರತಿ ಜೋಡಿಯಲ್ಲಿ ಒಂದಕ್ಕೆ, ಇನ್ನೊಂದು ತಿಂದದ್ದಕ್ಕಿಂತ ಶೇಕಡಾ 25 ಕಡಿಮೆ ಊಟ. ಕಡಿಮೆ ತಿಂದ ಗುಂಪಿನ ನಡುಮಟ್ಟದ ಆಯಸ್ಸು 13 ವರ್ಷ, ಇನ್ನೊಂದು ಗುಂಪಿನದು 11.2. ಒಂದೇ ಊಟ, ಬೇರೆ ಆದದ್ದು ಅಳತೆ ಮಾತ್ರ.

ಕರಿಯನ ಮನೆಯಲ್ಲಿ ಇದು ಹೀಗೆ ನಡೆಯಬಹುದು. ಎರಡು ವಾರ 620 ಗ್ರಾಂ. ಆಮೇಲೆ ಮನೆಯವರೊಬ್ಬರು ಅವನನ್ನು ಎತ್ತಿಕೊಂಡು ತೂಕದ ಯಂತ್ರ ಹತ್ತುತ್ತಾರೆ, ಅವನು ಕಾಲು ಝಾಡಿಸುತ್ತಾನೆ, ತಮ್ಮ ತೂಕ ಕಳೆದು ನೋಡಿದರೆ 20.4 ಕೆಜಿ. ಪಕ್ಕೆಲುಬು ಸ್ವಲ್ಪ ಮುಚ್ಚಿದೆ. ಶೇಕಡಾ ಹತ್ತು ಇಳಿಸಿ 560 ಮಾಡುತ್ತಾರೆ. ಮತ್ತೆರಡು ವಾರ, ತೂಕ ಅಷ್ಟೇ ಇದೆ! ವಿಚಾರಿಸಿದರೆ ಗೊತ್ತಾಗುತ್ತದೆ, ಮನೆಯಲ್ಲಿ ಮೂರು ಜನ ಒಬ್ಬರಿಗೊಬ್ಬರು ಹೇಳದೆ ಚೀಸ್ ತುಣುಕು, ಬಿಸ್ಕತ್ತು ಹಾಕುತ್ತಿದ್ದರು. ತಿಂಡಿಯೆಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು, ಅದನ್ನೂ ಊಟದಿಂದ ಕಳೆಯಬೇಕು. ಚೀಸ್ ಡಬ್ಬಿ ಮೇಲಿನ ಕಪಾಟಿಗೆ ಹೋಗುತ್ತದೆ. ಆರನೇ ವಾರ ತೂಕ ಸರಿಯಾಗಿ 20 ಕೆಜಿ.

560 ಗ್ರಾಂ ಅಂದರೆ ಕರಿಯನ ತೂಕದ ಶೇಕಡಾ 2.8. ಎಲ್ಲರೂ ಹೇಳುವ ಎರಡು-ಮೂರರ ನಡುವೆಯೇ ಬಂದು ನಿಂತಿತು, ನಗು ಬರುವ ಹಾಗೆ. ಆದರೆ ಅದೇ ಪ್ಯಾಕೆಟ್ಟಿನ ಮಾಂಸವನ್ನು 5 ಕೆಜಿಯ ನಾಯಿಗೆ ಇದೇ 2.8ರಂತೆ ಹಾಕಿದ್ದರೆ 140 ಗ್ರಾಂ ಬೀಳುತ್ತಿತ್ತು. ಅದಕ್ಕೆ ಬೇಕಾದ್ದು 220.